ಬುಕಾನನ್ ಕಾಣದ ಮೀನು

ದೊಡ್ಡಬಳ್ಳಾಪುರದ ಸೀಮೆಗೂ ಕಡಲಿನೊಳಗಣ ಬಣ್ಣದ ಮೀನಿಗೂ ನಂಟು ಹೇಳಹೊರಟರೆ ಓದುಗರು ನಕ್ಕಾರು. ಇದು ರಾಗಿಯ, ಹುರುಳಿಯ, ಕೆರೆಗಳ ನಾಡು. ಇಲ್ಲಿಂದ ಪಡುವಣ ಸಮುದ್ರಕ್ಕೆ ಹೋಗಬೇಕಾದರೆ ಬಯಲುಸೀಮೆಯನ್ನೆಲ್ಲ ದಾಟಿ, ಮಲೆನಾಡನ್ನು ಹಾದು, ಘಟ್ಟವನ್ನಿಳಿಯಬೇಕು. ಆದರೂ ಈ ಎರಡು ತುದಿಗಳನ್ನು ಒಂದೇ ದಿನಚರಿಯ ದಾರದಲ್ಲಿ ಪೋಣಿಸಿದ ಮನುಷ್ಯನೊಬ್ಬನಿದ್ದ. ಅವನು ಡಾಕ್ಟರ್ ಫ್ರಾನ್ಸಿಸ್ ಬುಕಾನನ್. ಎರಡು ತುದಿಗಳಲ್ಲಿಯೂ, ಅವನೇ ಕಾಣಬೇಕಾಗಿದ್ದ ಒಂದೊಂದು ವಸ್ತುವನ್ನು ಅವನು ಕಾಣದೆ ಹೋದ. ಆ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಬುಕಾನನ್ ಸ್ಕಾಟ್ಲೆಂಡಿನವನು, 1762ರಲ್ಲಿ ಹುಟ್ಟಿದ. ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತ. ಹಡಗುಗಳಲ್ಲಿ ವೈದ್ಯನಾಗಿ ತಿರುಗಿದ. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಸೇರಿದ. ವೃತ್ತಿ ವೈದ್ಯನದಾದರೂ ಪ್ರೀತಿಯೆಲ್ಲ ಗಿಡಗಳ ಮೇಲೆ, ಮೀನುಗಳ ಮೇಲೆ. ಶ್ರೀರಂಗಪಟ್ಟಣ ಬಿದ್ದ ಮಾರನೆಯ ವರ್ಷ, ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ನೇಯುತ್ತಾರೆ, ಏನನ್ನು ಅಗೆದು ತೆಗೆಯುತ್ತಾರೆ ಎಂಬುದನ್ನು ತಿಳಿದು ಬರುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳುಹಿಸಿದ. 1800ರ ಏಪ್ರಿಲ್ 23ರಂದು ಮದರಾಸನ್ನು ಬಿಟ್ಟವನು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿ, 1801ರ ಜುಲೈನಲ್ಲಿ ಮತ್ತೆ ಮದರಾಸನ್ನು ಮುಟ್ಟಿದ. ದಿನದಿನದ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟಗಳಾಗಿ ಅಚ್ಚಾಯಿತು. ನಮ್ಮ ನಾಡಿನ ಇನ್ನೂರು ವರ್ಷಗಳ ಹಿಂದಿನ ಬದುಕನ್ನು ಕುರಿತು ಏನು ಬರೆಯಬೇಕಾದರೂ ಇಂದಿಗೂ ಆ ಸಂಪುಟಗಳ ಬಾಗಿಲನ್ನು ತಟ್ಟದೆ ಗತಿಯಿಲ್ಲ. ಬಿತ್ತನೆಯ ಲೆಕ್ಕ, ಬಟ್ಟೆಯ ಬಣ್ಣ, ಕಬ್ಬಿಣದ ಕುಲುಮೆ, ಜಾತಿಯವರ ಆಚಾರ, ಎಲ್ಲವೂ ಅಲ್ಲಿವೆ. ಒಣ ಬರಹವೆಂದು ಕೆಲವರು ದೂರುತ್ತಾರೆ. ಒಣಗಿದ್ದರಿಂದಲೇ ಅದು ಇಷ್ಟು ಕಾಲ ಕೆಡದೆ ಉಳಿಯಿತೆಂದು ನನ್ನ ಅಭಿಪ್ರಾಯ.

1800ರ ಮಧ್ಯಭಾಗದಲ್ಲಿ ಅವನು ಬೆಂಗಳೂರಿನಿಂದ ಉತ್ತರಕ್ಕೆ ಹೊರಟು ದೊಡ್ಡಬಳ್ಳಾಪುರವನ್ನು ಹಾದುಹೋದ. ಆ ಊರಿನಿಂದ ಕೆಲವೇ ಮೈಲಿಗಳ ದೂರದಲ್ಲಿ ರಾಜಘಟ್ಟವಿದೆ. ಅಲ್ಲಿಯ ಹೊಲಗಳ ನಡುವಣ ದಿಬ್ಬವೊಂದರ ಕೆಳಗೆ ಬೌದ್ಧರ ಚೈತ್ಯವೂ ವಿಹಾರವೂ, ಹರಕೆಗೆಂದು ಜೇಡಿಮಣ್ಣಿನಲ್ಲಿ ಅಚ್ಚು ಒತ್ತಿ ಮಾಡಿದ ಪುಟ್ಟ ಪುಟ್ಟ ಸ್ತೂಪಗಳೂ ಹುದುಗಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಎಂ. ಎಸ್. ಕೃಷ್ಣಮೂರ್ತಿಯವರು 2001ರಲ್ಲಿಯೂ 2004ರಲ್ಲಿಯೂ ಅಗೆಯಿಸಿದ ಮೇಲೆ ಅವು ಬೆಳಕಿಗೆ ಬಂದವು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮಣ್ಣಿನ ಸ್ತೂಪ. ಅದರ ಒಡಲಿನಲ್ಲಿ ಬುದ್ಧನ ಧರ್ಮವಾಕ್ಯವನ್ನು ಒತ್ತಿದ ಬಿಲ್ಲೆ. ದಕ್ಷಿಣ ಕರ್ನಾಟಕದ ಬಯಲಿನಲ್ಲಿ ಬೌದ್ಧರು ನೆಲೆ ನಿಂತಿದ್ದರೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಸ್ವಾರಸ್ಯವೇನೆಂದರೆ, ಆಗ ಭಾರತದಲ್ಲಿದ್ದ ಇಂಗ್ಲಿಷ್ ನೌಕರರಲ್ಲಿ ಬೌದ್ಧಧರ್ಮವನ್ನು ಕುರಿತು ಬರೆಯಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಬುಕಾನನ್ ಒಬ್ಬ. 1795ರಲ್ಲಿ ರಾಯಭಾರಿಯ ಜೊತೆ ಬರ್ಮಾದ ಆವಾ ರಾಜ್ಯಕ್ಕೆ ಹೋಗಿಬಂದು, ಅಲ್ಲಿಯ ಮತವನ್ನೂ ವಾಙ್ಮಯವನ್ನೂ ಕುರಿತು ದೀರ್ಘ ಪ್ರಬಂಧವನ್ನೇ ಬರೆದಿದ್ದ. ಅದು 1799ರಲ್ಲಿ ಕಲ್ಕತ್ತೆಯ ‘ಏಷಿಯಾಟಿಕ್ ರಿಸರ್ಚಸ್’ನಲ್ಲಿ ಅಚ್ಚಾಗಿತ್ತು. 1811ರಲ್ಲಿ ಬೋಧಗಯೆಗೆ ಹೋಗಿ ಪಾಳುಬಿದ್ದ ಆ ಕ್ಷೇತ್ರದ ವಿವರವನ್ನು ಬರೆದಿಟ್ಟವನೂ ಅವನೇ. ಅಂಥವನು ರಾಜಘಟ್ಟದ ಮಗ್ಗುಲಲ್ಲಿ ಹಾದುಹೋದ. ಪುಸ್ತಕದಲ್ಲಿ ಆ ದಿಬ್ಬದ ಸುದ್ದಿಯಿಲ್ಲ. ಅವನನ್ನು ದೂರುವಂತಿಲ್ಲ. ಊರೂರಿನಲ್ಲಿ ಶಾನುಭೋಗರನ್ನೋ ಗೌಡರನ್ನೋ ಪುರೋಹಿತರನ್ನೋ ಕೂಡಿಸಿಕೊಂಡು, ಅವರು ಹೇಳಿದ್ದನ್ನು ದುಭಾಷಿಯ ಬಾಯಿಂದ ಕೇಳಿ ಬರೆದುಕೊಳ್ಳುವುದು ಅವನ ಪದ್ಧತಿ. ಹೇಳುವವರ ನೆನಪಿನಿಂದಲೇ ಬುದ್ಧ ಮರೆಯಾಗಿ ಎಷ್ಟೋ ಶತಮಾನಗಳು ಸಂದಿದ್ದವು. ಕೇಳುವವನಿಗೆ ತಿಳಿದಿದ್ದರೇನು, ತೋರಿಸುವವರಿಲ್ಲದಿದ್ದರೆ ದಿಬ್ಬ ಬರಿಯ ದಿಬ್ಬವೇ.

ಇದು ಮೊದಲನೆಯ ತುದಿ. ಇನ್ನು ಎರಡನೆಯದು.

1801ರ ಮೊದಲ ತಿಂಗಳುಗಳಲ್ಲಿ ಬುಕಾನನ್ ಮಂಗಳೂರಿನಿಂದ ಕಡಲ ಕರೆಯನ್ನೇ ಹಿಡಿದು ಬಡಗಲಿಗೆ ನಡೆದ. ಕುಂದಾಪುರ, ಬೈಂದೂರು, ಭಟ್ಕಳಗಳನ್ನು ದಾಟಿ ಮುರ್ಡೇಶ್ವರದ ಕಡೆಗೆ ಬಂದಾಗ ದೂರದ ನೀರಿನಲ್ಲಿ ಒಂದು ಗುಡ್ಡ ಕಾಣಿಸಿತು. ಇಂಗ್ಲಿಷ್ ನಾವಿಕರು ಅದನ್ನು ಪಾರಿವಾಳದ ದ್ವೀಪವೆಂದು ಕರೆಯುತ್ತಿದ್ದರು. ನಾಡವರ ಮಾತಿನಲ್ಲಿ ಅದು ನೇತ್ರಾಣಿ ಗುಡ್ಡ. ಮುರ್ಡೇಶ್ವರದ ದಡದಿಂದ ಸುಮಾರು ಹತ್ತು ನಾವಿಕ ಮೈಲಿ ದೂರ. ನಾಲ್ಕು ಕಡೆಯೂ ಕಡಿದಾದ ಬಂಡೆ. ತಲೆಯ ಮೇಲೆ ಕಾಡು. ಆ ದ್ವೀಪದ ವಿಷಯವಾಗಿ ಅವನು ಕೇಳಿ ಬರೆದುಕೊಂಡ ಸಂಗತಿಗಳು ಕೆಲವೇ. ಆದರೆ ಒಂದೊಂದೂ ಬೆಲೆಯುಳ್ಳದ್ದು. ಅಲ್ಲಿ ಸಿಹಿನೀರಿನ ಒರತೆಯಿದೆ. ಗುಹೆಗಳಲ್ಲಿ ಕಾಡುಪಾರಿವಾಳಗಳು ತುಂಬಿವೆ, ಇಂಗ್ಲಿಷ್ ಹೆಸರು ಬಂದದ್ದು ಅದರಿಂದಲೇ ಇರಬೇಕು. ಜಟಿಗ ಎಂಬ ಭೂತದ ಕಲ್ಲಿಗೆ ಜನ ತೆಂಗಿನಕಾಯಿಯನ್ನೊಪ್ಪಿಸಿ ಬರುತ್ತಾರೆ, ಒಪ್ಪಿಸದವರ ದೋಣಿಯನ್ನು ಆ ಭೂತ ಮುಳುಗಿಸುತ್ತದೆಂಬ ನಂಬಿಕೆಯಿದೆ. ದ್ವೀಪದ ಅಂಚಿನಲ್ಲಿ ಹವಳದ ಕಲ್ಲು ಹೇರಳವಾಗಿದೆ, ದೋಣಿಗಳು ಅದನ್ನು ತುಂಬಿಕೊಂಡು ಬರುತ್ತವೆ, ಸುತ್ತಿನ ನಾಡಿಗೆಲ್ಲ ಸುಡುಸುಣ್ಣ ಅದರಿಂದಲೇ ಒದಗುವಂತಿದೆ.

ಹವಳ ಎಂದೊಡನೆ ಕೊರಳ ಸರದ ಕೆಂಪು ಮಣಿಯನ್ನು ನೆನೆಯಬಾರದು. ‘ಪ್ರವಾಳ’ದಿಂದ ಇಳಿದು ಬಂದ ನಮ್ಮ ಹವಳ ನವರತ್ನಗಳಲ್ಲೊಂದು. ಅದು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ್ದು. ರೋಮನರ ಕಾಲದಲ್ಲಿಯೇ ಹಡಗುಗಳಲ್ಲಿ ನಮ್ಮ ರೇವುಗಳಿಗೆ ಬಂದು ಇಳಿಯುತ್ತಿತ್ತೆಂದು ‘ಪೆರಿಪ್ಲಸ್’ ಎಂಬ ಗ್ರೀಕ್ ವ್ಯಾಪಾರದ ಕೈಪಿಡಿ ಹೇಳುತ್ತದೆ. ಕವಿಗಳು ತುಟಿಗೆ ಹೋಲಿಸಿದ್ದು ಆ ಹವಳವನ್ನು. ನೇತ್ರಾಣಿಯ ಹವಳವೆಂದರೆ ಬಂಡೆಯನ್ನು ಹೊದೆದು ಕೂತ ಸುಣ್ಣದ ಗಟ್ಟಿ. ಕೋಟ್ಯಂತರ ಪುಟ್ಟ ಜೀವಿಗಳು ಕಡಲನೀರಿನಿಂದ ಸುಣ್ಣವನ್ನು ಹೀರಿ, ತಮ್ಮ ಸುತ್ತ ತಾವೇ ಕಟ್ಟಿಕೊಂಡ ಮನೆ. ಕಂಡವರಿಗೆ ಅದು ಸುಣ್ಣದ ಕಲ್ಲೆಂದೇ ತೋರಿತು. ಅದರಲ್ಲಿ ತಪ್ಪೂ ಇಲ್ಲ. ಬಯಲುಸೀಮೆಯಲ್ಲಿ ನೆಲದಿಂದ ಸುಣ್ಣಕಲ್ಲನ್ನು ಆಯ್ದು ಸುಡುವಂತೆ ಕರಾವಳಿಯವರು ಚಿಪ್ಪನ್ನೂ ಹವಳವನ್ನೂ ಸುಟ್ಟರು. ಎಲೆಯಡಕೆಗೆ ಸುಣ್ಣ ಬೇಕು, ಗೋಡೆಗೆ ಸುಣ್ಣ ಬೇಕು.

ಆದರೆ ಆ ಕಲ್ಲಿನ ಸಂದುಗೊಂದುಗಳಲ್ಲಿ, ಆಳೆತ್ತರದ ನೀರಿನಿಂದ ಹಿಡಿದು ಹತ್ತಿಪ್ಪತ್ತು ಆಳಿನ ನೀರಿನವರೆಗೆ, ಚಿತ್ರಶಾಲೆಯೇ ಈಜಾಡುತ್ತಿತ್ತು. ಅದನ್ನು ಅವನಿಗೆ ಯಾರೂ ಹೇಳಲಿಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ನೇತ್ರಾಣಿಯ ಸುತ್ತ ಮುಳುಗಿ ನೋಡಿ, ಹವಳವನ್ನಾಶ್ರಯಿಸಿದ ಎಂಬತ್ತಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ಪಟ್ಟಿಮಾಡಿದರು. ಬುಕಾನನ್ ಯಾರು? ಮುಂದೆ ಗಂಗೆಯ ಮೀನುಗಳ ಮೇಲೆ ಜಗತ್ತೇ ಆಧಾರವಾಗಿಟ್ಟುಕೊಳ್ಳುವ ಗ್ರಂಥವನ್ನು ಬರೆಯಲಿದ್ದವನು. ಹಾಗಿದ್ದೂ ನೇತ್ರಾಣಿಯ ಒಂದು ಮೀನೂ ಅವನ ದಿನಚರಿಯೊಳಕ್ಕೆ ಈಜಿ ಬರಲಿಲ್ಲ.

ಆ ಮೀನುಗಳಲ್ಲಿ ಒಂದನ್ನಾದರೂ ಹತ್ತಿರದಿಂದ ನೋಡೋಣ. ಇಂಗ್ಲಿಷಿನವರು ಚಿಟ್ಟೆಮೀನು ಎನ್ನುವ ಕುಲವೊಂದಿದೆ. ಪ್ರಪಂಚದ ಬೆಚ್ಚನೆಯ ಕಡಲುಗಳಲ್ಲೆಲ್ಲ ಸೇರಿ ಸುಮಾರು 130 ಜಾತಿಗಳು. ನಮ್ಮ ಪಶ್ಚಿಮ ಕರಾವಳಿಯ ಹವಳದ ದಿಬ್ಬಗಳಲ್ಲಿ ಸಾಮಾನ್ಯವಾದದ್ದು ಕೀಟೋಡಾನ್ ಕೊಲಾರೆ. ‘ಕೀಟೋಡಾನ್’ ಎಂದರೆ ಗ್ರೀಕ್ ಭಾಷೆಯಲ್ಲಿ ಕೂದಲುಹಲ್ಲಿನದು. ‘ಕೊಲಾರೆ’ ಎಂದರೆ ಲ್ಯಾಟಿನ್ನಿನಲ್ಲಿ ಕೊರಳ ಪಟ್ಟಿ. ದೊಡ್ಡದೆಂದರೆ ಒಂದು ಗೇಣು, ಸಾಧಾರಣವಾಗಿ ಅದಕ್ಕಿಂತ ಕಿರಿದು. ಮೈ ತಟ್ಟೆಯಂತೆ ಚಪ್ಪಟೆ. ಎದುರಿನಿಂದ ನೋಡಿದರೆ ಗೆರೆಯಷ್ಟು ತೆಳ್ಳಗೆ, ಮಗ್ಗುಲಿಂದ ನೋಡಿದರೆ ಅಗಲವಾದ ಎಲೆ. ಕಂದುಗಪ್ಪು ಮೈಯ ಮೇಲೆ ಒಂದೊಂದು ಹುರುಪೆಯ ನಡುವೆಯೂ ತಿಳಿಬಣ್ಣದ ಚುಕ್ಕೆ. ಆದುದರಿಂದ ಮೈಗೆಲ್ಲ ಬಲೆಯನ್ನು ಹೊದಿಸಿದಂತೆ ಕಾಣುತ್ತದೆ. ಕಣ್ಣಿನ ಹಿಂದೆ ಅಚ್ಚ ಬಿಳಿಯ ಪಟ್ಟಿ, ನಮ್ಮ ಹೆಂಗಸರ ಕಂಠಿಯಂತೆ. ಬಾಲದ ಬುಡದಲ್ಲಿ ಕುಂಕುಮದ ಕೆಂಪು. ಇಷ್ಟು ಅಲಂಕಾರ ಯಾರಿಗಾಗಿ ಎಂದು ಕೇಳಿದರೆ ವಿಜ್ಞಾನಿಗಳು ಒಂದಲ್ಲ, ಹಲವು ಉತ್ತರಗಳನ್ನು ಕೊಡುತ್ತಾರೆ. ತನ್ನ ಜಾತಿಯವರನ್ನು ಗುರುತು ಹಿಡಿಯಲು, ಜಾಗ ತನ್ನದೆಂದು ಸಾರಲು, ಶತ್ರುವಿನ ಕಣ್ಣುಕಟ್ಟಲು. ಕಣ್ಣುಕಟ್ಟುವುದೆಂದರೆ ಇಲ್ಲಿ ಅಕ್ಷರಶಃ ನಿಜ: ಈ ಕುಲದ ಬಹಳಷ್ಟು ಮೀನುಗಳಲ್ಲಿ ಕಣ್ಣಿನ ಮೇಲೆಯೇ ಕಪ್ಪು ಪಟ್ಟೆ ಹಾದು ನಿಜವಾದ ಕಣ್ಣನ್ನು ಮುಚ್ಚುತ್ತದೆ, ಕೆಲವು ಜಾತಿಗಳಲ್ಲಿ ಬಾಲದ ಹತ್ತಿರ ದೊಡ್ಡ ಕಪ್ಪುಚುಕ್ಕೆಯೊಂದು ಕಣ್ಣಿನ ಸೋಗು ಹಾಕುತ್ತದೆ. ಹೊಂಚಿದವನು ತಲೆಯೆಂದು ಬಾಲಕ್ಕೆ ಬಾಯಿ ಹಾಕುವಷ್ಟರಲ್ಲಿ ಮೀನು ಎದುರು ದಿಕ್ಕಿಗೆ ಪಾರು.

ಹಗಲಿನಲ್ಲಿ ಮಾತ್ರ ಅದರ ಸಂಸಾರ. ಕೂದಲಿನಂಥ ಹಲ್ಲುಗಳಿರುವ ಚೂಪುಬಾಯಿಯಿಂದ ಹವಳಜೀವಿಗಳ ಮೃದುವಾದ ಮೈಯನ್ನೂ, ಕಲ್ಲಿನ ಸಂದಿನ ಹುಳುಗಳನ್ನೂ ಚಿವುಟಿ ಚಿವುಟಿ ತಿನ್ನುತ್ತದೆ. ಕತ್ತಲಾದರೆ ಬಣ್ಣವನ್ನು ಮಾಸಿಸಿಕೊಂಡು ಸಂದಿನಲ್ಲಿ ಅಡಗುತ್ತದೆ. ಜೋಡಿಯಾಗಿಯೋ ಹಿಂಡಾಗಿಯೋ ತಿರುಗುತ್ತದೆ. ಇದರ ಬಂಧುಗಳಲ್ಲಿ ಹಲವು ವರ್ಷಗಟ್ಟಲೆ ಒಂದೇ ಜೋಡಿಯಾಗಿ ಬಾಳುತ್ತವೆ. ಒಂದು ಕಣ್ಮರೆಯಾದರೆ ಇನ್ನೊಂದು ಮೇಲೇರಿ ಅತ್ತಿತ್ತ ನೋಡುತ್ತದೆಂದು ನೀರಿನಲ್ಲಿ ಮುಳುಗಿ ಗಮನಿಸಿದವರು ಹೇಳುತ್ತಾರೆ. ನಮ್ಮ ಕವಿಗಳಿಗೆ ಚಕ್ರವಾಕ ಸಿಕ್ಕಿತು, ಈ ಮೀನು ಸಿಕ್ಕಲಿಲ್ಲ. ಸಿಕ್ಕಿದ್ದರೆ ಇನ್ನೊಂದು ಕವಿಸಮಯ ಹುಟ್ಟುತ್ತಿತ್ತೋ ಏನೋ.

ಮೊಟ್ಟೆಯ ಕಥೆ ಇನ್ನೂ ವಿಚಿತ್ರ. ತಾಯಿತಂದೆಗಳು ಮೊಟ್ಟೆಯನ್ನು ಕಾಯುವುದಿಲ್ಲ. ತೆರೆದ ನೀರಿಗೆ ಬಿಟ್ಟುಬಿಡುತ್ತವೆ. ಮರಿ ವಾರಗಟ್ಟಲೆ ನಡುಗಡಲಿನಲ್ಲಿ ತೇಲುತ್ತದೆ. ಆ ಅವಸ್ಥೆಯಲ್ಲಿ ಅದರ ಮೈ ಬೆಳ್ಳಿಯ ಬಿಲ್ಲೆ. ತಲೆಗೆ ಎಲುಬಿನ ಫಲಕಗಳ ಕವಚ, ಶಿರಸ್ತ್ರಾಣ ತೊಟ್ಟ ಯೋಧನಂತೆ. ತಾಯಿಯನ್ನು ಒಂದಿಷ್ಟೂ ಹೋಲುವುದಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗುಂಥರ್ ಎಂಬ ಮಹಾ ಮತ್ಸ್ಯಶಾಸ್ತ್ರಜ್ಞ ಇಂಥ ಮರಿಯನ್ನು ಕಂಡು, ಇದು ಬೇರೆಯೇ ಕುಲವೆಂದು ಬಗೆದು, ‘ಥೋಲಿಕ್ಥಿಸ್’ ಎಂದು ಹೊಸ ಹೆಸರನ್ನಿಟ್ಟ. ಅದು ಚಿಟ್ಟೆಮೀನಿನ ಕೂಸೆಂದು ಆಮೇಲೆ ತಿಳಿಯಿತು. ಇಂದಿಗೂ ಆ ಎಳೆಯ ಅವಸ್ಥೆಗೆ ಅದೇ ಹೆಸರು ಉಳಿದಿದೆ. ಅಲೆಮಾರಿ ಮರಿ ಕೊನೆಗೊಂದು ರಾತ್ರಿ ಯಾವುದಾದರೂ ಹವಳದ ದಿಬ್ಬಕ್ಕೆ ಇಳಿದು ಕವಚವನ್ನು ಕಳಚಿ ಬಣ್ಣ ತೊಡುತ್ತದೆ. ಸುತ್ತಲೂ ಕೆಸರುತಳದ ಕಡಲು, ನಡುವೆ ಎಲ್ಲೋ ಒಂದು ನೇತ್ರಾಣಿ. ಅದನ್ನು ಹುಡುಕಿ ಸೇರುವ ಮರಿಗಳು ಹುಟ್ಟಿದವುಗಳಲ್ಲಿ ಎಷ್ಟು ಕಡಮೆ ಪಾಲೆಂದು ಯಾರಾದರೂ ಊಹಿಸಬಹುದು.

ಈ ಮೀನಿಗೆ ಶಾಸ್ತ್ರದ ಹೆಸರನ್ನಿಟ್ಟವನು ಹಿಂದೂಮಹಾಸಾಗರವನ್ನು ಕಣ್ಣಿನಿಂದ ಕಂಡವನೇ ಅಲ್ಲ. ಮಾರ್ಕಸ್ ಎಲೀಸರ್ ಬ್ಲೋಖ್ ಎಂಬ ಯಹೂದ್ಯ ವೈದ್ಯ, ಬರ್ಲಿನ್ನಿನಲ್ಲಿದ್ದವನು. ಬಡವರ ಮಗ, ಜರ್ಮನ್ನೂ ಲ್ಯಾಟಿನ್ನೂ ಅವನಿಗೆ ಒಲಿದದ್ದು ಬೆಳೆದ ಮೇಲೆ. ವೈದ್ಯದಲ್ಲಿ ಗಳಿಸಿದ್ದನ್ನೆಲ್ಲ ಮೀನಿಗೆ ಸುರಿದ. 1782ರಿಂದ 1795ರವರೆಗೆ ಹನ್ನೆರಡು ಸಂಪುಟಗಳು, 432 ಬಣ್ಣದ ಚಿತ್ರಫಲಕಗಳು. ಕೊಲಾರೆ ಅದರಲ್ಲಿ ಕಾಣಿಸಿಕೊಂಡದ್ದು 1787ರಲ್ಲಿ. ನಮ್ಮ ದೇಶದ ಮೀನುಗಳು ಅವನಿಗೆ ತಲುಪಿದ ದಾರಿಯೂ ಕೇಳತಕ್ಕದ್ದೇ. ತರಂಗಂಬಾಡಿಯಲ್ಲಿ ಡೇನಿಷ್ ಮಿಷನ್ನಿನ ಜಾನ್ ಎಂಬ ಪಾದ್ರಿಯಿದ್ದ. ಅವನು ಕೋರಮಂಡಲದ ತೀರದ ಮೀನುಗಳನ್ನು ಹಡಗಿನಲ್ಲಿ ಬರ್ಲಿನ್ನಿಗೆ ಕಳುಹಿಸುತ್ತಿದ್ದ. ಬ್ಲೋಖ್ ಕೃತಜ್ಞತೆಯಿಂದ ಒಂದು ಕುಲಕ್ಕೆ ‘ಜಾನಿಯಸ್’ ಎಂದೇ ಹೆಸರಿಟ್ಟ. ಆದರೆ ಹವಳದ ಮೀನಿನ ಬಣ್ಣ ಸತ್ತ ಕೆಲವು ಗಂಟೆಗಳಲ್ಲಿಯೇ ಮಾಸತೊಡಗುತ್ತದೆ. ಮದ್ಯಸಾರದಲ್ಲಿ ತಿಂಗಳುಗಟ್ಟಲೆ ನೆನೆದು ಯೂರೋಪಿಗೆ ಮುಟ್ಟುವಾಗ ಉಳಿಯುವುದು ಮಸಕು ಮೈ. ಬರ್ಲಿನ್ನಿನ ಚಿತ್ರಗಾರರು ಕಂಡದ್ದು ಹೆಣವನ್ನು. ಬಳಿದದ್ದು ಬಹಳಷ್ಟು ಊಹೆಯ ಬಣ್ಣವನ್ನು.

ಜೀವಂತ ಮೀನುಗಳ ನಡುವೆಯೇ ನಿಂತು ಬರೆದವನು ಬೇರೊಬ್ಬ. ಲಿನೇಯಸ್ಸನ ಶಿಷ್ಯ ಪೀಟರ್ ಫೋರ್ಸ್ಕೋಲ್. ಡೆನ್ಮಾರ್ಕಿನ ದೊರೆ 1761ರಲ್ಲಿ ಅರೇಬಿಯಕ್ಕೆ ಕಳುಹಿಸಿದ ತಂಡದಲ್ಲಿ ಅವನು ಹೋದ. ಕೆಂಪುಸಮುದ್ರದ ದಡದಲ್ಲಿ ಮೀನುಗಳನ್ನು ಹಿಡಿಸಿ, ಬೆಸ್ತರು ಹೇಳಿದ ಹೆಸರುಗಳನ್ನು ಕೇಳಿ ಕೇಳಿ ಬರೆದುಕೊಂಡ. ಮೀನಿನ ಅರ್ಧ ಚರ್ಮವನ್ನು ಗಿಡದೆಲೆಯಂತೆ ಕಾಗದಕ್ಕಂಟಿಸಿ ಒಣಗಿಸಿಟ್ಟ. 1763ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಯೆಮೆನ್ನಿನಲ್ಲಿ ಜ್ವರ ಬಂದು ತೀರಿಕೊಂಡ. ತಂಡದಲ್ಲಿ ಬದುಕಿ ಉಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಅವನು ಮುಂಬಯಿಗೂ ಬಂದು, ಅಲ್ಲಿಂದ ನಾಡಿಗೆ ಮರಳಿ, ಗೆಳೆಯನ ಕಾಗದಪತ್ರಗಳನ್ನು 1775ರಲ್ಲಿ ಅಚ್ಚು ಹಾಕಿಸಿದ. ಆ ಮೀನಿನ ಚರ್ಮಗಳು ಕೋಪನ್‌ಹೇಗನ್ನಿನಲ್ಲಿ ಇನ್ನೂ ಇವೆ. ಅದಕ್ಕಿಂತ ಗಟ್ಟಿಯಾಗಿ ಉಳಿದದ್ದು ಹೆಸರುಗಳು. ನೇತ್ರಾಣಿಯ ದೋಣಿಯಿಂದ ಇಳಿದವರಿಗೆ ಮೊದಲು ಕಾಣುವ, ಐದು ಕಪ್ಪುಪಟ್ಟೆಗಳ ಹಳದಿಬೆನ್ನಿನ ಚಟುವಟಿಕೆಯ ಮೀನಿನ ಕುಲಕ್ಕೆ ‘ಅಬುದೆಫ್ದುಫ್’ ಎಂದು ಹೆಸರು. ಅದು ಅರಬ್ಬಿ ಬೆಸ್ತರ ಮಾತು. ಅಬು ಎಂದರೆ ಅಪ್ಪ; ಪಕ್ಕೆ ಉಬ್ಬಿದ ಅಪ್ಪ ಎಂದು ಅರ್ಥ ಹೇಳುತ್ತಾರೆ. ಈ ಅಪ್ಪನಿಗೆ ಹೆಸರು ಒಪ್ಪುವಂತೆಯೇ ಇದೆ: ಹೆಣ್ಣು ಬಂಡೆಗೆ ಅಂಟಿಸಿದ ಮೊಟ್ಟೆಯ ಹಾಸನ್ನು ಕಾಯುವವನು ಗಂಡು, ಈಜುರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತ, ತನಗಿಂತ ನೂರು ಪಾಲು ದೊಡ್ಡ ಮನುಷ್ಯನ ಮೇಲೂ ಏರಿ ಬರುತ್ತಾನೆ. ಹವಳವನ್ನು ಕಡಿದು ನುರಿದು ಮರಳಾಗಿ ವಿಸರ್ಜಿಸುವ ಗಿಳಿಮೀನುಗಳಲ್ಲಿ ಒಂದರ ಹೆಸರು ‘ಘೋಬ್ಬಾನ್’, ಇನ್ನೊಂದರದು ‘ಹರೀದ್’. ಅವೂ ಅರಬ್ಬಿಯೇ.

ತೆಲುಗಿನ ಅದೃಷ್ಟವೂ ಕಡಮೆಯದಲ್ಲ. ಕಂಪನಿಯ ವೈದ್ಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿ ಕೂತು ಇನ್ನೂರು ಮೀನುಗಳ ಚಿತ್ರ ಬರೆಸಿ, ತೆಲುಗು ಬೆಸ್ತರ ಹೆಸರುಗಳನ್ನೇ ತಲೆಬರಹವಾಗಿಟ್ಟು 1803ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಬಂಗಾಳಿಯ ಅದೃಷ್ಟವಂತೂ ನಮ್ಮ ಬುಕಾನನ್ನನದೇ ಕೊಡುಗೆ. ಮೈಸೂರಿನ ಪ್ರವಾಸದ ಮೊದಲೂ ಆಮೇಲೂ ಅವನು ಬಂಗಾಳದ ನದಿಗಳ ದಡದಲ್ಲಿ ವರ್ಷಗಟ್ಟಲೆ ಮೀನಿನ ಬೆನ್ನು ಹತ್ತಿದ್ದ. 1815ರಲ್ಲಿ ಊರಿಗೆ ಹೊರಟಾಗ ಅವನು ಬರೆಸಿದ್ದ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಬಿಡಲಿಲ್ಲ. ತಾಯಿಯ ಕಡೆಯ ಆಸ್ತಿ ಕೈಗೆ ಬಂದ ಮೇಲೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು, 1822ರಲ್ಲಿ ಎಡಿನ್‌ಬರೋದಲ್ಲಿ ಗಂಗೆಯ ಮೀನುಗಳ ಗ್ರಂಥವನ್ನು ಹೊರತಂದ. 269 ಜಾತಿಗಳು. ಹೆಸರಿಡುವಾಗ ಗ್ರೀಕ್ ಲ್ಯಾಟಿನ್ನುಗಳ ಗೊಡವೆಗೆ ಹೆಚ್ಚಾಗಿ ಹೋಗದೆ, ಬೆಸ್ತರು ಕರೆದದ್ದನ್ನೇ ಇಟ್ಟ. ರೋಹಿತ, ಕಾಟ್ಲಾ, ಮೃಗಾಲ, ಕಾಲಬಸು, ಟಿಕ್ಟೋ, ರೆರಿಯೊ. ಕೊನೆಯದು ಇಂದು ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ, ನಮ್ಮ ಬೆಂಗಳೂರಿನಲ್ಲಿಯೂ, ಗಾಜಿನ ತೊಟ್ಟಿಗಳಲ್ಲಿ ಸಾಕುವ ಪಟ್ಟೆಮೀನು. ಮೊದಲ ಮೂರು, ನಮ್ಮ ಮೈದಾನದ ಕೆರೆಗಳಿಗೆ ಮೀನುಗಾರಿಕೆಯವರು ತಂದು ಬಿಡುವ ಮರಿಗಳು. ಯಾವ ಕೆರೆಗಳ ಏರಿಯ ಮೇಲೆ ಅವನು 1800ರಲ್ಲಿ ಕುದುರೆಯೇರಿ ಹೋಗಿದ್ದನೋ ಆ ಸೀಮೆಯ ನೀರಿನಲ್ಲಿ ಅವನು ಹೆಸರಿಟ್ಟ ಗಂಗೆಯ ಮೀನು ಈಗ ಬೆಳೆಯುತ್ತಿದೆ.

ಅರಬ್ಬಿ, ತೆಲುಗು, ಬಂಗಾಳಿ. ಕನ್ನಡ ಎಲ್ಲಿ? ಕೆನರಾ ಎಂಬ ನಾಡಹೆಸರು ಒಂದು ಮೀನಿಗೆ ದೊರೆತಿದೆ. ದಕ್ಷಿಣ ಕನ್ನಡದ ಹೊಳೆಗಳ ಚುಕ್ಕೆಮೀನೊಂದಕ್ಕೆ ಫ್ರಾನ್ಸಿಸ್ ಡೇ 1877ರಲ್ಲಿ ‘ಎಟ್ರೋಪ್ಲಸ್ ಕೆನರೆನ್ಸಿಸ್’ ಎಂದು ಹೆಸರಿಟ್ಟ. ಅದು ಸಿಹಿನೀರಿನದು, ಅಲ್ಲದೆ ಅದು ಊರಿನ ಗುರುತೇ ಹೊರತು ಬೆಸ್ತರ ಬಾಯಿಯ ಮಾತಲ್ಲ. ನಮ್ಮವರಿಗೆ ಮೀನಿನ ಹೆಸರಿಗೆ ಬಡತನವಿತ್ತೇ? ಖಂಡಿತ ಇಲ್ಲ. ಬಂಗುಡೆ, ಬೂತಾಯಿ, ತಾರ್ಲೆ, ಅಂಜಲು, ಮಾಂಜಿ, ಕಾಣೆ ಎಂದು ಕರಾವಳಿಯ ಪೇಟೆಯಲ್ಲಿ ನಿಂತವರ ಕಿವಿ ತುಂಬುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ. ಗಾಳದ ದಾರ ಹೇಗಿರಬೇಕು, ಯಾವ ಮೀನಿಗೆ ಯಾವ ಎರೆ, ಎಂದು ಸಮುದ್ರದವೂ ನದಿಯವೂ ಸೇರಿ ಸುಮಾರು 35 ಮೀನುಗಳ ವಿವರ ಅಲ್ಲಿದೆ. ಮೀನುಶಾಸ್ತ್ರದ ಆಚಾರ್ಯ ಸುಂದರಲಾಲ್ ಹೋರಾ ಅವರು 1951ರಲ್ಲಿ ಅದನ್ನು ವಿದ್ವಾಂಸರ ಗಮನಕ್ಕೆ ತಂದರು. ದೊರೆಗೆ ಬೇಕಾದದ್ದು ಗಾಳದಲ್ಲಿ ಗುದ್ದಾಡುವ ಮೀನು. ಬೆಸ್ತನಿಗೆ ಬೇಕಾದದ್ದು ಬುಟ್ಟಿ ತುಂಬುವ ಮೀನು. ಗೇಣುದ್ದದ, ಮುಳ್ಳೇ ಹೆಚ್ಚಾದ, ಕಲ್ಲಿನ ಸಂದು ಬಿಟ್ಟು ಬಾರದ ಬಣ್ಣದ ತಟ್ಟೆ ಯಾರಿಗೆ ಬೇಕು? ಬಲೆ ಬೀಸಿದರೆ ಹವಳಕ್ಕೆ ಸಿಕ್ಕಿ ಬಲೆಯೇ ಹರಿಯುತ್ತದೆ.

ನಾಲಗೆಗೆ ಬಾರದ್ದು ನುಡಿಗೂ ಬರುವುದಿಲ್ಲವೆಂದು ಇದರಿಂದ ತೀರ್ಮಾನಿಸಿದರೆ ಅವಸರವಾದೀತು. ಬಂಗಾಳದ ಟಿಕ್ಟೋ ಹೆಬ್ಬೆರಳಿನಷ್ಟು ಮೀನು. ಅದನ್ನು ಯಾರೂ ಪೇಟೆಯಲ್ಲಿ ಹೊಗಳಿ ಮಾರುವುದಿಲ್ಲ. ಆದರೂ ಅದಕ್ಕೆ ಹೆಸರಿತ್ತು, ಆ ಹೆಸರು ಗ್ರಂಥಕ್ಕೂ ಸೇರಿತು. ವ್ಯತ್ಯಾಸ ಇಷ್ಟೆ: ಬಂಗಾಳದಲ್ಲಿ ಬುಕಾನನ್ ಬೆಸ್ತರ ಬುಟ್ಟಿಯ ಮುಂದೆ ಕೂತು, ಒಂದೊಂದನ್ನೂ ಎತ್ತಿ ಹಿಡಿದು, ಇದೇನು ಎಂದು ಕೇಳಿದ. ಕನ್ನಡ ಕರಾವಳಿಯಲ್ಲಿ ಅವನು ಕೇಳಿದ ಪ್ರಶ್ನೆ ಬೇರೆ: ಈ ದ್ವೀಪದಿಂದ ಬರುವ ಸರಕು ಏನು? ಸರಕು ಸುಣ್ಣ, ಸುಣ್ಣವೆಂದು ಉತ್ತರ ಬಂತು. ರಾಜಘಟ್ಟದಲ್ಲಿ ಹೇಳುವವರಿಗೇ ಮರೆತುಹೋಗಿತ್ತು. ನೇತ್ರಾಣಿಯಲ್ಲಿ ಕೇಳುವವನೇ ಕೇಳಲಿಲ್ಲ. ಎರಡು ಮರೆವುಗಳೂ ಒಂದೇ ಬಗೆಯವಲ್ಲ. ಮೊದಲನೆಯದನ್ನು ನೀಗಿಸಲು ಗುದ್ದಲಿ ಬೇಕಾಯಿತು. ಎರಡನೆಯದಕ್ಕೆ ಒಂದು ಪ್ರಶ್ನೆ ಸಾಕಾಗಿತ್ತು. ಆಮೇಲೆ ಬಂದ ನಾವೂ ಆ ಪ್ರಶ್ನೆಯನ್ನು ಬಹಳ ಕಾಲ ಕೇಳಲಿಲ್ಲ. ಕರಾವಳಿಯವರೇ ಆದ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಂಥ ಸಂಪುಟಗಳನ್ನು ಒಬ್ಬರೇ ಬರೆದು ಕನ್ನಡಕ್ಕೆ ಜೀವಲೋಕದ ಬಾಗಿಲನ್ನು ತೆರೆದರು. ಅವರ ಹಿಂದೆ ಒಂದು ದಂಡು ನಡೆಯಬೇಕಾಗಿತ್ತು, ನಡೆದವರು ಕೆಲವರೇ.

ಬುಕಾನನ್ನನ ನಂತರ ನೇತ್ರಾಣಿಯ ಗತಿಯೇನಾಯಿತು? ಜಟಿಗನ ಪೂಜೆ ನಿಲ್ಲಲಿಲ್ಲ. ಹರಕೆಯ ಆಡುಗಳನ್ನು ದ್ವೀಪದ ಮೇಲೆ ಬಿಟ್ಟುಬರುವ ರೂಢಿಯೂ ಬೆಳೆದು, ಅವು ಅಲ್ಲಿಯೇ ಕಾಡಾಡುಗಳಾದವು. ಬಿಳಿಹೊಟ್ಟೆಯ ಕಡಲಹದ್ದುಗಳು ಮರಗಳಲ್ಲಿ ಗೂಡು ಕಟ್ಟುತ್ತಲೇ ಬಂದವು. ಸ್ವಾತಂತ್ರ್ಯ ಬಂದ ಮೇಲೆ ನೌಕಾಪಡೆಯವರು ಆ ಬಂಡೆಗಳನ್ನು ಫಿರಂಗಿಯ ಗುರಿಯಾಗಿ ಬಳಸಿಕೊಂಡರು; ಸಿಡಿಯದೆ ಬಿದ್ದ ಗುಂಡುಗಳನ್ನು ಹವಳದ ನಡುವೆ ಕಂಡವರಿದ್ದಾರೆ. ದೇಶದ ರಕ್ಷಣೆಗೆ ಅಭ್ಯಾಸ ಬೇಕೆಂಬುದು ಸರಿಯೇ. ಗುರಿಯಿಡಲು ಕರ್ನಾಟಕದ ಕಡಲಿನಲ್ಲಿ ಹವಳವಿಲ್ಲದ ಬೋಳುಬಂಡೆ ಇನ್ನೊಂದು ಇರಲಿಲ್ಲವೇ ಎಂದು ಕೇಳಿದರೆ ದೇಶದ್ರೋಹವಾಗದು. ಹವಳಕ್ಕೆ ಕಾನೂನಿನ ರಕ್ಷೆ ದೊರೆತದ್ದು 2001ರಲ್ಲಿ; ದಿಬ್ಬ ಕಟ್ಟುವ ಹವಳಜೀವಿಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ, ಹುಲಿ ಆನೆಗಳ ಸಾಲಿಗೆ, ಸೇರಿಸಿದರು. ರಾಜಘಟ್ಟದಲ್ಲಿ ಮೊದಲ ಗುದ್ದಲಿ ಬಿದ್ದದ್ದೂ ಅದೇ ವರ್ಷ. ಸುಣ್ಣಕ್ಕಾಗಿ ಹವಳವನ್ನು ಕಿತ್ತರೆ ಈಗ ಸೆರೆಮನೆ.

ಆದರೆ ಇಂದಿನ ಅಪಾಯ ಸುಣ್ಣದ ಗೂಡಿನದಲ್ಲ. ಹವಳಜೀವಿಯ ಒಡಲಿನಲ್ಲಿ ಒಂದು ಬಗೆಯ ಸೂಕ್ಷ್ಮ ಪಾಚಿ ವಾಸವಾಗಿದೆ. ಅದು ಬಿಸಿಲಿನಿಂದ ಅಡುಗೆ ಮಾಡಿ ಆತಿಥೇಯನಿಗೂ ಬಡಿಸುತ್ತದೆ. ಹವಳದ ಬಣ್ಣ ಬಹುಪಾಲು ಅದರದೇ. ನೀರಿನ ಕಾವು ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಹವಳ ಈ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಕಾವು ಇಳಿಯದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳು ಹೀಗೆ ವಿಸ್ತಾರವಾಗಿ ಬಿಳುಚಿಕೊಂಡವು. ಅದಾದ ಮೇಲೆ 2010, 2016, 2024, ಹೀಗೆ ಮತ್ತೆ ಮತ್ತೆ ಲೋಕದ ಕಡಲುಗಳಲ್ಲಿ ಆ ಬೇನೆ ಮರುಕಳಿಸಿದೆ. ಚಿಟ್ಟೆಮೀನಿಗೆ ಇಲ್ಲಿ ಹೊಸದೊಂದು ಕೆಲಸ ದೊರೆತಿದೆ. ಇದರ ಬಂಧುಗಳಲ್ಲಿ ಹಲವು ಹವಳವನ್ನಲ್ಲದೆ ಬೇರೇನನ್ನೂ ತಿನ್ನವು. ಹವಳ ಸೊರಗಿದರೆ ಅವು ಮೊದಲು ಕಾಣೆಯಾಗುತ್ತವೆ. ಆದ್ದರಿಂದ ದಿಬ್ಬದ ಆರೋಗ್ಯವನ್ನು ತಿಳಿಯಬೇಕೆನ್ನುವವರು ಹವಳವನ್ನು ಅಳೆಯುವುದರ ಜೊತೆಗೆ ಚಿಟ್ಟೆಮೀನಿನ ಜೋಡಿಗಳನ್ನೂ ಎಣಿಸುತ್ತಾರೆ. ವೈದ್ಯರು ನಾಡಿಯನ್ನು ಹಿಡಿದಂತೆ. ಬ್ಲೋಖ್, ರಸೆಲ್, ಬುಕಾನನ್, ಮೂವರೂ ವೈದ್ಯರೇ ಆಗಿದ್ದರೆಂಬುದು ಇಲ್ಲಿ ನೆನಪಾಗುತ್ತದೆ.

ಕಳೆದ ಎರಡು ದಶಕಗಳಿಂದ ನೇತ್ರಾಣಿಗೆ ಹೊಸ ಯಾತ್ರಿಕರು ಬರುತ್ತಿದ್ದಾರೆ. ಮಳೆಗಾಲ ಕಳೆದ ಮೇಲೆ ಮುರ್ಡೇಶ್ವರದಿಂದ ಯಂತ್ರದ ದೋಣಿಗಳು ಹೊರಡುತ್ತವೆ. ಬೆಂಗಳೂರಿನ ಕಚೇರಿಗಳ ಹುಡುಗ ಹುಡುಗಿಯರು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು, ಬಾಯಿಗೆ ಕೊಳವೆ ಕಚ್ಚಿ, ಮಾರ್ಗದರ್ಶಿಯ ಕೈ ಹಿಡಿದು ಮುಳುಗುತ್ತಾರೆ. ನಟ ಪುನೀತ್ ರಾಜಕುಮಾರ್ ಅವರು ಇಲ್ಲಿ ಮುಳುಗಿದ್ದು, ಅವರು ತೀರಿಕೊಂಡ ಮರುವರ್ಷ, 2022ರಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯಲ್ಲಿ ಕಾಣುತ್ತದೆ, ನೇತ್ರಾಣಿಯ ಹೆಸರು ಅದರಿಂದ ನಾಡಿನ ಮನೆಮನೆಗೂ ಮುಟ್ಟಿತು. ನೀರಿನ ಕೆಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಮೇಲೆ ಬಂದ ಮೇಲೆ, ಕಪ್ಪು ಮೈಗೆ ಬಿಳಿ ಕಂಠಿ ಕಟ್ಟಿದ್ದ ಆ ಮೀನು ಯಾವುದೆಂದು ಕೇಳಿದರೆ ಇಂಗ್ಲಿಷ್ ಹೆಸರು ಸಿಕ್ಕುತ್ತದೆ. ಕಂಠಿಮೀನು ಎಂದರೆ ಸಾಲದೇ ಎಂದು ನನಗೆ ಅನಿಸಿದೆ. ಒಪ್ಪದವರು ಇದಕ್ಕಿಂತ ಚೆನ್ನಾದದ್ದನ್ನು ಹೇಳಲಿ, ಅಥವಾ ಹಳೆಯ ಬೆಸ್ತರ ಮನೆಗಳಲ್ಲಿ ಕೇಳಿ ತರಲಿ. ಮುರ್ಡೇಶ್ವರ, ಭಟ್ಕಳಗಳ ಮೊಗೇರರೂ ಖಾರ್ವಿಗಳೂ ಆ ಬಂಡೆಗಳ ಸುತ್ತ ಗಾಳ ಹಾಕುತ್ತ ತಲೆಮಾರುಗಳನ್ನು ಕಳೆದಿದ್ದಾರೆ. ಎರೆಯನ್ನು ಕದ್ದು ಓಡುವ ಸಣ್ಣ ಮೀನನ್ನು ಬೈಯಲಿಕ್ಕಾದರೂ ಒಂದು ಹೆಸರು ಬೇಕಾಗುತ್ತದಷ್ಟೆ. ದ್ವೀಪಕ್ಕೆ ಹೊರಡುವ ದೋಣಿಗಳಲ್ಲಿ ಅವರ ಮಕ್ಕಳು ಮೊಮ್ಮಕ್ಕಳೂ ಇರುತ್ತಾರೆ.